ಆರ್ಮ್ ಲ್ಯಾಪ್‌ಟಾಪ್ ತಗೊಂಡು ಲಿನಕ್ಸ್ ಹಾಕಿಕೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: ಕ್ವಾಲ್‌ಕಾಮ್ ಕಂಪನಿಯ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ (ಇಂಟೆಲ್, ಎಎಂಡಿ ಜಾತಿಯದ್ದಲ್ಲ, ಫೋನ್‌ಗಳಲ್ಲಿರುವ ಆರ್ಮ್ ಜಾತಿಯದ್ದು) ಇರುವ ಲ್ಯಾಪ್‌ಟಾಪ್ ಆಫರ್‌ನಲ್ಲಿ ಸಿಗುತ್ತಿದೆ. ಬ್ಯಾಟರಿ ಇಡೀ ದಿನ ಬರುತ್ತದೆ ಅಂತಾರೆ. ವಿಂಡೋಸ್ ತೆಗೆದು ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡರೆ ಕೋಡಿಂಗ್, ಬ್ರೌಸರ್, ಆನ್‌ಲೈನ್ ಮೀಟಿಂಗ್, ಸ್ವಲ್ಪ ಕನ್ನಡ ಟೈಪಿಂಗ್ ಎಲ್ಲ ನಡೆಯುತ್ತದಾ?

ಲಿನಕ್ಸ್‌ಗೋಸ್ಕರವೇ ಹೊಸದಾಗಿ ದುಡ್ಡು ಕೊಟ್ಟು ತಗೊಳ್ಳಬೇಡಿ. ಮನೆಯಲ್ಲಿ ಆಗಲೇ ಒಂದಿದ್ದರೆ ಧಾರಾಳವಾಗಿ ಹಾಕಿ ನೋಡಿ, ಕಲಿಯುವುದಕ್ಕೆ ಬೇಕಾದಷ್ಟಿದೆ. ನಾನೂ ಒಂದು ಆರ್ಮ್ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಓಡಿಸುತ್ತೇನೆ. ಕಂಪನಿ ಹೆಸರು ಬೇಡ, ಬೇರೆಯವರದ್ದೂ ಕಥೆ ಹೆಚ್ಚುಕಮ್ಮಿ ಇದೇ.

ಮೊದಲು ಒಂದು ತಪ್ಪು ತಿಳಿವಳಿಕೆ ಪಕ್ಕಕ್ಕಿಡೋಣ. ಪ್ರೊಸೆಸರ್‌ನಿಂದ ಯಾವ ತೊಂದರೆಯೂ ಇಲ್ಲ. ಡೆಬಿಯನ್, ಉಬುಂಟು, ಫೆಡೋರಾದಂಥ ಲಿನಕ್ಸ್ ಆವೃತ್ತಿಗಳೆಲ್ಲ ಆರ್ಮ್‌ನಲ್ಲಿ ವರ್ಷಗಳಿಂದ ಓಡುತ್ತಿವೆ. ಅಮೆಜಾನ್ ಕ್ಲೌಡ್‌ನಲ್ಲಿ ಗ್ರಾವಿಟಾನ್ ಅನ್ನುವ ಆರ್ಮ್ ಚಿಪ್‌ನ ಸರ್ವರ್‌ಗಳು 2018ರಿಂದ ಇವೆ. ಪೈಥಾನ್, ಜಾವಾ, ಡಾಕರ್, ವಿಎಸ್ ಕೋಡ್ ಎಲ್ಲಕ್ಕೂ ಆರ್ಮ್ ಆವೃತ್ತಿ ಇದೆ. ಕೋಡ್ ಕಂಪೈಲ್ ಮಾಡಲು ಕೂತರೆ ಖುಷಿಯಾಗುತ್ತದೆ, ಅಷ್ಟು ವೇಗ. ಬೇಸರ ಆಗುವುದು ಪ್ರೊಸೆಸರ್ ಸುತ್ತ ಇರುವ ಉಳಿದ ಸಾಮಾನಿನಿಂದ.

ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಯಾವ ಹಾರ್ಡ್‌ವೇರ್ ಎಲ್ಲಿದೆ, ಅದಕ್ಕೆ ಕರೆಂಟ್ ಹೇಗೆ ಕೊಡಬೇಕು ಅನ್ನುವ ವಿವರವನ್ನು ಬಯೋಸ್ (ಮೆಷಿನ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಎಸಿಪಿಐ ಅನ್ನುವ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಲಿನಕ್ಸ್ ಅದನ್ನು ಓದಿಕೊಂಡು ಕೆಲಸ ಶುರು ಮಾಡುತ್ತದೆ. ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗಳಲ್ಲೂ ಎಸಿಪಿಐ ಇದೆ, ಆದರೆ ಅದನ್ನು ಬರೆದಿರುವುದು ವಿಂಡೋಸ್‌ಗೆ. ಪವರ್ ಸಂಬಂಧದ ಮುಖ್ಯ ವಿಷಯವೆಲ್ಲ ಕ್ವಾಲ್‌ಕಾಮ್‌ನ ವಿಂಡೋಸ್ ಡ್ರೈವರ್ ಒಳಗೆ ಕೂತಿದೆ. ಹಾಗಾಗಿ ಲಿನಕ್ಸ್ ಅದನ್ನು ಬಿಟ್ಟು ಡಿವೈಸ್ ಟ್ರೀ ಅನ್ನುವ ಬೇರೆ ಫೈಲನ್ನು ಬಳಸುತ್ತದೆ. ಈ ಫೈಲನ್ನು ಒಂದೊಂದು ಮಾಡೆಲ್‌ಗೂ ಯಾರಾದರೂ ಕೂತು ಬರೆಯಬೇಕು. ಹೊಸ ಬಾಡಿಗೆ ಮನೆಗೆ ಹೋದಾಗ ಯಾವ ಸ್ವಿಚ್ ಯಾವ ಲೈಟಿಗೆ ಅಂತ ಒಂದೊಂದಾಗಿ ಒತ್ತಿ ನೋಡುತ್ತೇವಲ್ಲ, ಹಾಗೆ. ಬರೆಯುವವರಲ್ಲಿ ಲಿನಾರೋ ಸಂಸ್ಥೆಯ ಎಂಜಿನಿಯರ್‌ಗಳಿದ್ದಾರೆ, ಕ್ವಾಲ್‌ಕಾಮ್‌ನವರೂ ಇದ್ದಾರೆ. ಉಳಿದವರು ಸ್ವಂತ ದುಡ್ಡಿನಲ್ಲಿ ಮೆಷಿನ್ ತಗೊಂಡು ರಾತ್ರಿ ಕೂತು ಬರೆಯುವ ಪುಣ್ಯಾತ್ಮರು.

ಆದ್ದರಿಂದ ‘ಲಿನಕ್ಸ್ ಸ್ನಾಪ್‌ಡ್ರಾಗನ್ ಎಕ್ಸ್‌ಗೆ ಸಪೋರ್ಟ್ ಕೊಡುತ್ತದಾ’ ಅನ್ನುವ ಪ್ರಶ್ನೆಗೆ ‘ಹೌದು’ ಅಂತ ಉತ್ತರ ಬಂದರೆ ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕೈಯಲ್ಲಿರುವ ಆ ಮಾಡೆಲ್‌ಗೆ ಯಾರಾದರೂ ಬರೆದಿದ್ದಾರಾ ಅಂತ ಕೇಳಬೇಕು. ಅದೇ ಚಿಪ್, ಅದೇ ಬ್ರ್ಯಾಂಡ್, ಸ್ಕ್ರೀನ್ ಮಾತ್ರ ಬೇರೆ ಇದ್ದರೂ ಸಾಕು, ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯದೆ ಹೋಗಬಹುದು.

ಇದು ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದಕ್ಕೆ ಬ್ಯಾಟರಿ ಪರ್ಸೆಂಟೇಜ್ ನೋಡಿ. ಮೂಲೆಯಲ್ಲಿ 78% ಅಂತ ತೋರಿಸುವುದರಲ್ಲಿ ಏನು ದೊಡ್ಡಸ್ತಿಕೆ, ಅಲ್ವಾ? ಈ ಚಿಪ್‌ಗಳಲ್ಲಿ ಆ ಸಂಖ್ಯೆ ಕೊಡುವುದು ಆಡಿಯೋ ನೋಡಿಕೊಳ್ಳುವ ಒಂದು ಪುಟ್ಟ ಪ್ರೊಸೆಸರ್. ಸ್ಪೀಕರ್ ಕೆಲಸದ ಜೊತೆಗೆ ಚಾರ್ಜಿಂಗ್ ಮತ್ತು ಯುಎಸ್‌ಬಿ-ಸಿ ಪೋರ್ಟ್‌ನ ಉಸ್ತುವಾರಿಯೂ ಅದರದ್ದೇ. ಅದು ಎದ್ದೇಳಬೇಕಾದರೆ ಫರ್ಮ್‌ವೇರ್ ಫೈಲ್, ಅಂದರೆ ಅದರೊಳಗೆ ಓಡುವ ಪ್ರೋಗ್ರಾಂ, ಬೇಕು. ಆ ಫೈಲಿಗೆ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಡಿಜಿಟಲ್ ಸಹಿ ಇರುತ್ತದೆ, ಇನ್ನೊಂದು ಕಂಪನಿಯದ್ದು ತಂದು ಹಾಕಿದರೆ ನಡೆಯುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಮಾತ್ರ ಕಂಪನಿಯವರು ಈ ಫೈಲುಗಳನ್ನು ಲಿನಕ್ಸ್‌ನವರಿಗೆ ಬಿಟ್ಟುಕೊಟ್ಟಿದ್ದಾರೆ. ಮಿಕ್ಕ ಮಾಡೆಲ್ ಇಟ್ಟುಕೊಂಡವರು ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗದಿಂದಲೇ (ವಿಂಡೋಸ್ ಪಾರ್ಟಿಷನ್) ಕಾಪಿ ಮಾಡಿಕೊಳ್ಳಬೇಕು. ಉಬುಂಟುವಿನಲ್ಲಿ ಇದಕ್ಕೆಂದೇ ಒಂದು ಸಣ್ಣ ಪ್ರೋಗ್ರಾಂ ಇದೆ.

ಇನ್ನೂ ತಮಾಷೆ ಕೇಳಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಈ ಪುಟ್ಟ ಪ್ರೊಸೆಸರ್ ಎದ್ದರೆ ಯುಎಸ್‌ಬಿ ಪೋರ್ಟ್‌ಗಳನ್ನು ಒಮ್ಮೆ ರೀಸೆಟ್ ಮಾಡಿಬಿಡುತ್ತದೆ. ಪೆನ್‌ಡ್ರೈವ್ ಮಾಯ. ಇನ್‌ಸ್ಟಾಲರ್ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಇನ್‌ಸ್ಟಾಲ್ ಮುಗಿಯುವ ತನಕ ಆ ಪ್ರೊಸೆಸರ್‌ನ ಡ್ರೈವರ್ ಲೋಡ್ ಆಗದ ಹಾಗೆ ತಡೆದಿಡುತ್ತಾರೆ. ಹಾಗೆ ತಡೆದರೆ ಬ್ಯಾಟರಿ ಎಷ್ಟಿದೆ ಅಂತ ಕಾಣುವುದಿಲ್ಲ. ಚಾರ್ಜರ್ ಹಾಕಿಕೊಂಡೇ ಇನ್‌ಸ್ಟಾಲ್ ಮಾಡಿ.

ನಿಮಗೆ ಮೀಟಿಂಗ್ ಮುಖ್ಯ ಅಂದಿರಿ. ಅಲ್ಲೇ ಹೊಡೆತ. ಈ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟರ ಕ್ಯಾಮೆರಾ ಫೋನಿನಲ್ಲಿರುವಂಥದ್ದು, ನೇರ ಚಿಪ್‌ಗೆ ಸೇರಿಕೊಂಡಿರುತ್ತದೆ. ಒಳಗಡೆ ಯುಎಸ್‌ಬಿ ಕ್ಯಾಮೆರಾ ಇರುವ ಮಾಡೆಲ್ ಆದರೆ ಚಿಂತೆಯಿಲ್ಲ, ಸುಮ್ನೆ ಕೆಲಸ ಮಾಡುತ್ತದೆ. ಮೊದಲನೇ ಜಾತಿಯದ್ದಾದರೆ ಸೆನ್ಸರ್‌ಗೆ ಡ್ರೈವರ್ ಇರಬೇಕು, ಡಿವೈಸ್ ಟ್ರೀಯಲ್ಲಿ ಅದರ ಹೆಸರಿರಬೇಕು, ಆಮೇಲೆ ಚಿತ್ರದ ಬಣ್ಣ, ಬೆಳಕು ಸರಿಮಾಡುವ ಕೆಲಸವನ್ನು ಸಾಫ್ಟ್‌ವೇರ್‌ನಲ್ಲೇ ಮಾಡಿಕೊಳ್ಳಬೇಕು. ಎಲ್ಲ ಕೂಡಿಬಂದರೂ ಮುಖ ಸ್ವಲ್ಪ ಕಾಮಾಲೆ ಬಂದವರ ಹಾಗೆ ಕಾಣುವುದುಂಟು. ನನ್ನದರಲ್ಲಿ ಕ್ಯಾಮೆರಾ ಬರಲೇ ಇಲ್ಲ. ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಸಿಕ್ಕಿಸಿಕೊಂಡಿದ್ದೇನೆ.

ಸ್ಪೀಕರ್‌ನದ್ದು ಇನ್ನೊಂದು ಕಥೆ. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳ ಸ್ಪೀಕರ್‌ಗೆ ಅದು ತಡೆಯುವುದಕ್ಕಿಂತ ಜಾಸ್ತಿ ಪವರ್ ಕೊಡಲು ಆಂಪ್ಲಿಫೈಯರ್‌ಗೆ ಆಗುತ್ತದೆ. ಬಿಸಿ ಜಾಸ್ತಿಯಾದರೆ ತಗ್ಗಿಸುವ ಕೆಲಸ ವಿಂಡೋಸ್ ಡ್ರೈವರ್‌ನದ್ದು. ಲಿನಕ್ಸ್‌ನಲ್ಲಿ ಆ ಕಾವಲು ಇಲ್ಲದಿದ್ದರೆ ಸ್ಪೀಕರ್ ಸುಟ್ಟೇ ಹೋಗಬಹುದು. 2022ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್13ಎಸ್‌ಗೆ ಡ್ರೈವರ್ ಬರೆದವರು ಇದೇ ಭಯಕ್ಕೆ ವಾಲ್ಯೂಮ್‌ಗೆ ಒಂದು ಮಿತಿ ಹಾಕಿದರು. ಮಿತಿ ತೆಗೆಯುವುದು ಹೇಗೆ ಅಂತ ಹುಡುಕಲು ಹೋಗಬೇಡಿ.

ಇನ್ನು ಬ್ಯಾಟರಿ. ಜನ ಆರ್ಮ್ ಲ್ಯಾಪ್‌ಟಾಪ್ ತಗೊಳ್ಳುವುದೇ ಇದಕ್ಕೆ. ನಿಮ್ಮ ಕಾರಣವೂ ಅದೇ. ಆದರೆ ಲಿನಕ್ಸ್ ಹಾಕಿದ ತಕ್ಷಣ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಕೆಲಸವಿಲ್ಲದ ಭಾಗಗಳನ್ನೆಲ್ಲ ಒಂದೊಂದಾಗಿ ಆರಿಸುತ್ತಾ ಹೋದರೆ ಮಾತ್ರ ಬ್ಯಾಟರಿ ಉಳಿಯುತ್ತದೆ. ಯಾವುದನ್ನು ಯಾವಾಗ ಆರಿಸಬೇಕು ಅಂತ ಲಿನಕ್ಸ್‌ಗೆ ಪೂರ್ತಿ ಗೊತ್ತಿಲ್ಲದಿದ್ದಾಗ, ‘ಬಳಸದ ಕ್ಲಾಕ್ ಸಿಗ್ನಲ್, ಪವರ್ ಯಾವುದನ್ನೂ ಆರಿಸಬೇಡ’ ಅಂತ ಬೂಟ್ ಆಗುವಾಗಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಿಬಿಡುತ್ತಾರೆ. ಆರಿಸಿದರೆ ಮೆಷಿನ್ ನಿಂತುಹೋದೀತು ಅನ್ನುವ ಎಚ್ಚರಿಕೆ. ಮೆಷಿನ್ ಓಡುತ್ತದೆ, ಬ್ಯಾಟರಿಯೂ ಓಡಿಹೋಗುತ್ತದೆ. ವಿಡಿಯೋವನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವ (ಡಿಕೋಡ್ ಮಾಡುವ) ಸೌಲಭ್ಯ ಹೆಚ್ಚಿನ ಆ್ಯಪ್‌ಗಳಲ್ಲಿ ಸಿಗದೆ ಪ್ರೊಸೆಸರೇ ಆ ಭಾರ ಹೊರುತ್ತದೆ. ನನ್ನದನ್ನು ರಾತ್ರಿ ಮುಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಚಾರ್ಜರ್ ಹುಡುಕಬೇಕು. ಈಗ ಮುಚ್ಚಿಡುವುದನ್ನೇ ಬಿಟ್ಟು ಶಟ್‌ಡೌನ್ ಮಾಡುತ್ತೇನೆ.

ಇದು ನನ್ನೊಬ್ಬನ ಗೋಳಲ್ಲ. ಜರ್ಮನಿಯ ಟಕ್ಸೀಡೋ ಕಂಪನಿ ಲಿನಕ್ಸ್ ಲ್ಯಾಪ್‌ಟಾಪ್ ಮಾರುವುದನ್ನೇ ವ್ಯಾಪಾರ ಮಾಡಿಕೊಂಡಿದೆ. ಅವರು ಸ್ನಾಪ್‌ಡ್ರಾಗನ್ ಎಕ್ಸ್ ಎಲೀಟ್ ಹಾಕಿ ಒಂದು ಲ್ಯಾಪ್‌ಟಾಪ್ ಮಾಡಲು ಒಂದೂವರೆ ವರ್ಷ ಒದ್ದಾಡಿ 2025ರ ನವೆಂಬರ್‌ನಲ್ಲಿ ಕೈಬಿಟ್ಟರು. ಕೊಟ್ಟ ಕಾರಣ ಏನು ಗೊತ್ತಾ? ಬ್ಯಾಟರಿ ನಿರೀಕ್ಷಿಸಿದಷ್ಟು ಬರುತ್ತಿಲ್ಲ, ಫ್ಯಾನ್ ಹಿಡಿತಕ್ಕೆ ಸಿಗುತ್ತಿಲ್ಲ, ಲಿನಕ್ಸ್‌ನಿಂದ ಬಯೋಸ್ ಅಪ್‌ಡೇಟ್ ಮಾಡಲು ದಾರಿಯಿಲ್ಲ, ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು (ವರ್ಚುವಲ್ ಮೆಷಿನ್) ಓಡಿಸುವ ಕೆವಿಎಂ ನಡೆಯುತ್ತಿಲ್ಲ. ಅದೇ ಕೆಲಸಕ್ಕೆ ಎಂಜಿನಿಯರ್‌ಗಳನ್ನು ಇಟ್ಟುಕೊಂಡವರಿಗೇ ಹೀಗಾದರೆ ನಾವು ನೀವು ಭಾನುವಾರ ಮಧ್ಯಾಹ್ನ ಕೂತು ಸರಿಮಾಡಿಯೇವಾ?

ಕೆವಿಎಂ ಅಂದೆ. ನೀವು ವರ್ಚುವಲ್ ಮೆಷಿನ್ ಬಳಸುವವರಾದರೆ ಇದನ್ನು ಗಮನಿಸಿ. ಈ ಚಿಪ್‌ಗಳಲ್ಲಿ ಕ್ವಾಲ್‌ಕಾಮ್‌ನ ಸ್ವಂತ ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳ ಮೇಲ್ವಿಚಾರಕ) ಲಿನಕ್ಸ್‌ಗಿಂತ ಒಂದು ಮೆಟ್ಟಿಲು ಮೇಲೆ ಕೂತಿರುತ್ತದೆ, ಲಿನಕ್ಸ್‌ಗೆ ಆ ಜಾಗ ಬಿಟ್ಟುಕೊಡುವುದಿಲ್ಲ. ಹುಷಾರಿ ಜನ ಅದನ್ನು ದಾಟುವ ಉಪಾಯ ಕಂಡುಹಿಡಿದಿದ್ದಾರೆ, ಆದರೆ ಅದು ಎಲ್ಲರೂ ಮಾಡುವಂಥದ್ದಲ್ಲ. ಡಾಕರ್‌ಗೆ ಮಾತ್ರ ಇದರ ಹಂಗಿಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಒಂದೇ ಮಾತು: ನಿಶ್ಚಿಂತೆಯಿಂದಿರಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ನೋಟೋ ಫಾಂಟ್ ಇದ್ದರೆ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಆದರೆ ನುಡಿ, ಬರಹದಂಥ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿ ಹಳೆಯ ಕಡತಗಳಿದ್ದರೆ ಇಂಟೆಲ್ ಮೆಷಿನ್‌ನಲ್ಲಿ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡ ಹಾಗೆ ಇಲ್ಲಿ ಸುಲಭವಿಲ್ಲ, ಇಂಟೆಲ್‌ಗೆ ಬರೆದದ್ದನ್ನು ಆರ್ಮ್‌ನಲ್ಲಿ ಓಡಿಸಲು ಮಧ್ಯೆ ಇನ್ನೊಂದು ಎಮ್ಯುಲೇಟರ್ ಬೇಕು. ಓಟಿಟಿ ನೋಡಲು ಬೇಕಾದ, ವಿಡಿಯೋ ಕದಿಯದಂತೆ ಕಾಯುವ ವೈಡ್‌ವೈನ್ ಕೂಡ ಇಂಥದ್ದೇ ರಗಳೆ. ಕ್ರೋಮ್‌ಬುಕ್‌ಗೆ ಅಂತ ಮಾಡಿದ್ದನ್ನು ಎತ್ತಿ ತಂದು ಫೈರ್‌ಫಾಕ್ಸ್‌ಗೆ ಸೇರಿಸಿಕೊಳ್ಳುತ್ತಾರೆ.

‘ಹಾಗಾದರೆ ಮ್ಯಾಕ್‌ಬುಕ್?’ ಅಂತ ಕೇಳಬಹುದು. ಎಂ1, ಎಂ2 ಚಿಪ್ (ಇವೂ ಆರ್ಮ್) ಇರುವ ಮ್ಯಾಕ್‌ಗಳಿಗೆ ಅಸಾಹಿ ಲಿನಕ್ಸ್ ತಂಡ ಮಾಡಿರುವ ಕೆಲಸಕ್ಕೆ ನಿಜಕ್ಕೂ ಕೈಮುಗಿಯಬೇಕು. ಆಪಲ್ ಒಂದು ಪುಟ ದಾಖಲೆ ಕೊಡದಿದ್ದರೂ ಗ್ರಾಫಿಕ್ಸ್ ಡ್ರೈವರ್ ಬರೆದರು. ಸ್ಪೀಕರ್ ಸುಡದಂತೆ ಅದರ ಬಿಸಿಯನ್ನು ಲೆಕ್ಕಹಾಕುವ ಪ್ರೋಗ್ರಾಂ ಕೂಡ ಬರೆದರು. 2023ರ ಡಿಸೆಂಬರ್‌ನಲ್ಲಿ ಫೆಡೋರಾ ಜೊತೆ ಸೇರಿ ಸಿದ್ಧ ಆವೃತ್ತಿ ಹೊರತಂದರು. ದಿನನಿತ್ಯದ ಬಳಕೆಗೆ ನಾನು ನೋಡಿದ ಆರ್ಮ್ ಲಿನಕ್ಸ್‌ಗಳಲ್ಲಿ ಇದೇ ಮುಂದೆ. ಅಲ್ಲೂ ಕೊರತೆಗಳಿವೆ. ಟಚ್ ಐಡಿ ಇಲ್ಲ. ಯುಎಸ್‌ಬಿ-ಸಿಯಿಂದ ಹೊರಗಿನ ಮಾನಿಟರ್‌ಗೆ ಕೊಡುವುದು ಬಹಳ ಕಾಲ ಆಗುತ್ತಲೇ ಇರಲಿಲ್ಲ, ಬಂದಾಗಲೂ ಪ್ರಯೋಗದ ಹಂತದಲ್ಲೇ ಬಂತು. ಎಚ್‌ಡಿಎಂಐ ಪೋರ್ಟ್ ಇಲ್ಲದ ಏರ್ ಮಾಡೆಲ್‌ನವರಿಗೆ ಇದು ದೊಡ್ಡ ತಲೆನೋವು. ಎಂ3 ನಂತರದ ಮ್ಯಾಕ್ ತಗೊಂಡು ಲಿನಕ್ಸ್ ಹಾಕುತ್ತೇನೆ ಅಂತ ಮಾತ್ರ ಹೊರಡಬೇಡಿ.

ನಿಮಗೆ ನನ್ನ ಸಲಹೆ: ಬ್ಯಾಟರಿ ಮತ್ತು ಮೀಟಿಂಗ್ ಎರಡೂ ಬೇಕು ಅಂದರೆ 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯ ಲ್ಯಾಪ್‌ಟಾಪ್ ನೋಡಿ. ಬ್ಯಾಟರಿಯಲ್ಲಿ ಅದು ಆರ್ಮ್‌ಗೆ ಹತ್ತಿರ ಬರುತ್ತದೆ, ಮೇಲೆ ಹೇಳಿದ ಡಿವೈಸ್ ಟ್ರೀ ರಗಳೆ ಇಲ್ಲ. ಆದರೂ ಕ್ಯಾಮೆರಾ ಯುಎಸ್‌ಬಿಯದ್ದಾ ಅಂತ ಅಲ್ಲೂ ವಿಚಾರಿಸಿಕೊಳ್ಳಿ. ಇಲ್ಲ, ಸ್ನಾಪ್‌ಡ್ರಾಗನ್ನೇ ಬೇಕು ಅಂತ ಹಟವಿದ್ದರೆ ಥಿಂಕ್‌ಪ್ಯಾಡ್ ಟಿ14ಎಸ್ ಜೆನ್ 6 ಹುಡುಕಿ. ಅದರಲ್ಲಿ ಎಎಂಡಿ, ಇಂಟೆಲ್ ಮಾಡೆಲ್‌ಗಳೂ ಇವೆ, ನೋಡಿ ತಗೊಳ್ಳಿ. ಲಿನಕ್ಸ್ ಡೆವಲಪರ್‌ಗಳಲ್ಲಿ ಹಲವರ ಕೈಯಲ್ಲಿರುವುದು ಇದು, ಹಾಗಾಗಿ ಏನಾದರೂ ಕೆಟ್ಟರೆ ಬೇಗ ಸರಿಹೋಗುತ್ತದೆ. ಬೇರೆ ಮಾಡೆಲ್ ಆದರೆ ದುಡ್ಡು ಕಟ್ಟುವ ಮೊದಲು ಕರ್ನಲ್ ಸೋರ್ಸ್‌ನಲ್ಲಿ ಕ್ವಾಲ್‌ಕಾಮ್ ಡಿವೈಸ್ ಟ್ರೀ ಫೋಲ್ಡರ್ ತೆರೆದು ಆ ಮಾಡೆಲ್ ಹೆಸರಿನ ಫೈಲ್ ಇದೆಯಾ ನೋಡಿ. ಇದ್ದರೆ ಒಳಗೆ ಕ್ಯಾಮೆರಾ, ಸೌಂಡ್ ಬಗ್ಗೆ ಏನಾದರೂ ಬರೆದಿದ್ದಾರಾ ಅಂತಲೂ ಕಣ್ಣು ಹಾಯಿಸಿ. ತಗೊಂಡ ಮೇಲೆ ವಿಂಡೋಸ್ ಪಾರ್ಟಿಷನ್ ಅಳಿಸಬೇಡಿ, ಚಿಕ್ಕದು ಮಾಡಿ ಒಂದು ಮೂಲೆಯಲ್ಲಿಟ್ಟಿರಿ. ಫರ್ಮ್‌ವೇರ್ ಫೈಲ್ ಇರುವುದೂ ಅಲ್ಲೇ, ಬಯೋಸ್ ಅಪ್‌ಡೇಟ್ ಬರುವುದೂ ಸಾಮಾನ್ಯವಾಗಿ ಅಲ್ಲಿಂದಲೇ.