ಸಿನಿಮಾದಲ್ಲಿ ನೋಡಿದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವವರಿಗೆ

ಜುಲೈಯಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದೀರಿ. ಊರನ್ನು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ, ನಿಜಕ್ಕೂ ಹಾಗೇ ಇದೆಯಾ, ಬರುವ ಮುಂಚೆ ಯಾವ ಸಿನಿಮಾ ನೋಡಲಿ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಬಾಡಿಗೆ, ವೀಸಾ, ಕ್ರೆಡಿಟ್ ಕಾರ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ.

ದಾರಿ ಮತ್ತು ಹವೆಯ ವಿಷಯದಲ್ಲಿ ಸಿನಿಮಾ ನಂಬಬೇಡಿ. ಆದರೆ ಈ ಊರಲ್ಲಿ ಯಾರು ಬದುಕಿದರು, ಯಾರು ಇಲ್ಲಿಂದ ಕಾಲು ಕಿತ್ತರು ಅನ್ನೋದನ್ನು ಕೆಲವು ಸಿನಿಮಾಗಳು ತುಂಬ ಚೆನ್ನಾಗಿ ತೋರಿಸುತ್ತವೆ. ನೀವು ನೋಡಬೇಕಾದ್ದು ಅವನ್ನು.

ಮೊದಲು ಹವೆ. ಪರದೆ ಮೇಲೆ ಯಾವಾಗಲೂ ನೀಲಿ ಆಕಾಶ, ಕೆಂಪು ಸೇತುವೆ. ನೀವು ಬರೋದು ಜುಲೈಯಲ್ಲಿ. ಆಗ ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ಮಂಜನ್ನು ಹೊತ್ತುಕೊಂಡು ಆ ಸೇತುವೆಯ ಕೆಳಗಿನ ಗೋಲ್ಡನ್ ಗೇಟ್ ಜಲಸಂಧಿಯ ಮೂಲಕ ನುಗ್ಗುತ್ತದೆ. ಸೇತುವೆಯ ಕಂಬಗಳು 227 ಮೀಟರ್ ಎತ್ತರ, ಅವೂ ಎಷ್ಟೋ ದಿನ ಕಾಣಿಸೋದಿಲ್ಲ. ಇಲ್ಲಿ ಸೆಖೆ ಅನ್ನಿಸೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಗಳ ಸ್ವೆಟರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇನ್ನು ದಾರಿ. 1968ರ ‘ಬುಲಿಟ್’ನ ಕಾರ್ ಚೇಸ್ ನೀವು ನೋಡಿರಲೇಬೇಕು. ಸ್ಟೀವ್ ಮೆಕ್ವೀನ್ ಮಸ್ಟಾಂಗ್‌ನಲ್ಲಿ, ಬಾಡಿಗೆ ಕೊಲೆಗಾರರು ಡಾಡ್ಜ್ ಚಾರ್ಜರ್‌ನಲ್ಲಿ. ಪೊಟ್ರೆರೋ ಹಿಲ್‌ನಲ್ಲಿ ತಿರುಗಿದ ಕಾರು ಮರುಕ್ಷಣ ಊರಿನ ಆಚೆ ತುದಿಯ ರಷ್ಯನ್ ಹಿಲ್‌ನಲ್ಲಿ ಇಳಿಯುತ್ತಿರುತ್ತದೆ. ಒಂದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಸಂಕಲನಕ್ಕೆ ಆಸ್ಕರ್ ಬಂತು, ಬರಬೇಕಾದದ್ದೇ. ಆದರೆ ಆ ಏರು ಮಾತ್ರ ಸುಳ್ಳಲ್ಲ. ಫಿಲ್ಬರ್ಟ್ ಬೀದಿಯ ಒಂದು ತುಂಡಿನ ಇಳಿಜಾರು ಶೇಕಡಾ 31.5. ಹೊಸಬರಿಗೆ ಗೊತ್ತಿರಬೇಕಾದ ಒಂದು ಮಾತು: ಇಳಿಜಾರಿನಲ್ಲಿ ಕಾರು ನಿಲ್ಲಿಸಿದರೆ ಮುಂದಿನ ಚಕ್ರಗಳನ್ನು ತಿರುಗಿಸಿಟ್ಟೇ ಇಳಿಯಬೇಕು. ಇಳಿಮುಖವಾಗಿದ್ದರೆ ಫುಟ್‌ಪಾತ್ ಕಡೆಗೆ, ಏರುಮುಖವಾಗಿದ್ದರೆ ರಸ್ತೆ ಕಡೆಗೆ. ಮರೆತರೆ ದಂಡ. ಕಾರೊಳಗೆ ಬ್ಯಾಗ್ ಕಾಣುವ ಹಾಗೆ ಬಿಡಲೇಬೇಡಿ, ಗಾಜು ಒಡೆಯುತ್ತಾರೆ.

1967ರ ‘ದಿ ಗ್ರ್ಯಾಜುಯೇಟ್’ನಲ್ಲಿ ನಾಯಕ ಕೊಲ್ಲಿಯ ಆಚೆ ದಡದ ಬರ್ಕ್ಲಿ ಊರಿಗೆ ಹೊರಡುತ್ತಾನೆ, ಕಾರು ಓಡೋದು ಬೇ ಬ್ರಿಡ್ಜ್‌ನ ಮೇಲಿನ ಅಂತಸ್ತಿನಲ್ಲಿ. ಅದು ಸ್ಯಾನ್ ಫ್ರಾನ್ಸಿಸ್ಕೋಗೆ ಬರುವ ದಾರಿ! ಬರ್ಕ್ಲಿಗೆ ಹೋಗುವವರು ಕೆಳಗಿನ ಅಂತಸ್ತಿನಲ್ಲಿ ಹೋಗಬೇಕು. ಅಲ್ಲಿಂದ ಸಮುದ್ರ ಅಷ್ಟು ಚಂದ ಕಾಣಿಸೋದಿಲ್ಲ, ಅಷ್ಟೇ. ‘ವರ್ಟಿಗೋ’ ಸಿನಿಮಾದ ಗಂಟೆ ಗೋಪುರ ನೋಡಬೇಕು ಅಂತ ಸ್ಯಾನ್ ಹ್ವಾನ್ ಬಟಿಸ್ಟಾ ಅನ್ನುವ ಊರಿಗೆ ಹೋಗುವವರೂ ಇದ್ದಾರೆ. ಚರ್ಚ್ ಇದೆ, ಆ ಗೋಪುರ ಇಲ್ಲ. ಅದನ್ನು ಸ್ಟುಡಿಯೋದಲ್ಲಿ ಸೇರಿಸಿದ್ದು.

ಈಗ ನೋಡಲೇಬೇಕಾದವು. ಮೊದಲನೆಯದು ಕಥೆಯೇ ಇಲ್ಲದ ಹದಿಮೂರು ನಿಮಿಷದ ಮೂಕಿ, ‘ಎ ಟ್ರಿಪ್ ಡೌನ್ ಮಾರ್ಕೆಟ್ ಸ್ಟ್ರೀಟ್’. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೈಲ್ಸ್ ಸಹೋದರರು ಕೇಬಲ್ ಕಾರಿನ ಮುಂದೆ ಕ್ಯಾಮೆರಾ ಕಟ್ಟಿ, ಮಾರ್ಕೆಟ್ ಬೀದಿಯಲ್ಲಿ ಫೆರ್ರಿ ಬಿಲ್ಡಿಂಗ್‌ವರೆಗೆ ಹೋದರು. ಕುದುರೆಗಾಡಿ, ಟ್ರ್ಯಾಮು, ಟೋಪಿ ಹಾಕಿದ ಗಂಡಸರು, ಕ್ಯಾಮೆರಾ ಮುಂದೆ ಕುಣಿಯುವ ಪೇಪರ್ ಹುಡುಗರು. ಗಮನವಿಟ್ಟು ನೋಡಿ, ಕೆಲವು ಕಾರುಗಳು ಸುತ್ತು ಹಾಕಿಕೊಂಡು ಮತ್ತೆ ಮತ್ತೆ ಅಡ್ಡ ಬರುತ್ತವೆ. ಬೀದಿ ತುಂಬಿದ ಹಾಗೆ ಕಾಣಲಿ ಅಂತ ಮಾಡಿದ್ದು. ತುಂಬ ಕಾಲ ಇದು 1905ರ ಚಿತ್ರ ಅಂದುಕೊಂಡಿದ್ದರು. ಡೇವಿಡ್ ಕೀನ್ ಅನ್ನುವ ಇತಿಹಾಸಕಾರರು ರಸ್ತೆಯಲ್ಲಿ ನಿಂತ ಮಳೆನೀರು, ಒಂದು ಕಾರಿನ ನಂಬರ್ ಪ್ಲೇಟ್, ಹಳೆಯ ಪತ್ರಿಕೆಗಳನ್ನು ಹಿಡಿದು ಹುಡುಕಿ, 1906ರ ಏಪ್ರಿಲ್‌ದು ಅಂತ ತೋರಿಸಿದರು. ಅಂದರೆ ಏಪ್ರಿಲ್ 18ರ ಭೂಕಂಪಕ್ಕೆ ಕೆಲವೇ ದಿನ ಮುಂಚೆ. ಆ ಬೀದಿಯ ಹೆಚ್ಚಿನದೆಲ್ಲ ಬೆಂಕಿಯಲ್ಲಿ ಹೋಯಿತು, ಮೈಲ್ಸ್ ಸಹೋದರರ ಸ್ಟುಡಿಯೋ ಕೂಡ. ರೀಲು ಉಳಿದದ್ದು ಅದನ್ನು ಆಗಲೇ ನ್ಯೂಯಾರ್ಕ್‌ಗೆ ಕಳಿಸಿದ್ದರಿಂದ. ಫೆರ್ರಿ ಬಿಲ್ಡಿಂಗ್ ಇವತ್ತಿಗೂ ಅಲ್ಲೇ ನಿಂತಿದೆ. ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೋ ಸ್ಟೇಷನ್‌ನಲ್ಲಿ ಇಳಿದು ಮೇಲೆ ಬಂದರೆ ಎದುರಿಗೇ ಗಡಿಯಾರದ ಗೋಪುರ. ನಾನು ಮೊದಲ ಸಲ ಕೆಲಸಕ್ಕೆ ಹೋದಾಗ ಅದು ಬರೀ ಗಡಿಯಾರವಾಗಿತ್ತು. ಚಿತ್ರ ನೋಡಿದ ಮೇಲೆ ಆ ಪೇಪರ್ ಹುಡುಗರು ನೆನಪಾಗದೆ ಅಲ್ಲಿ ದಾಟೋಕೆ ಆಗೋದೇ ಇಲ್ಲ.

ಎರಡನೆಯದು 2006ರ ‘ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’. ವಿಲ್ ಸ್ಮಿತ್ ಮಾಡಿದ್ದು, ನೀವು ನೋಡಿರಬಹುದು. ಕ್ರಿಸ್ ಗಾರ್ಡ್ನರ್ ಅನ್ನುವವರ ನಿಜವಾದ ಕಥೆ. ಷೇರು ಕಂಪನಿಯಲ್ಲಿ ತರಬೇತಿ, ರಾತ್ರಿ ಮಲಗೋಕೆ ಜಾಗ ಇಲ್ಲ, ಕಂಕುಳಲ್ಲಿ ಪುಟ್ಟ ಮಗ. ಅದರಲ್ಲಿ ಊಟ, ಹಾಸಿಗೆಗೆ ಸಾಲು ನಿಲ್ಲುವ ಗ್ಲೈಡ್ ಚರ್ಚ್ ನಿಜವಾದದ್ದು. ಟೆಂಡರ್ಲಾಯ್ನ್ ಪ್ರದೇಶದಲ್ಲಿದೆ, ಇವತ್ತೂ ಊಟ ಬಡಿಸುತ್ತಾರೆ, ಯಾರು ಬೇಕಾದರೂ ಹೋಗಿ ಬಡಿಸಬಹುದು. ನಮ್ಮವರು ಬಂದ ಹೊಸದರಲ್ಲಿ ಮನೆ ಇಲ್ಲದವರ ಬೀದಿಬದಿಯ ಟೆಂಟುಗಳನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನನಗೆ ಅದು ಬೇಸರದ ವಿಷಯ. ಈ ಸಿನಿಮಾ ನೋಡಿಕೊಂಡು ಬನ್ನಿ, ಬೀದಿಯಲ್ಲಿ ಮಲಗಿದವರೆಲ್ಲ ಸೋಮಾರಿಗಳು ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಲಾರದು.

ಒಂದೇ ಒಂದು ನೋಡೋಕೆ ಪುರುಸೊತ್ತಿದ್ದರೆ 2019ರ ‘ದಿ ಲಾಸ್ಟ್ ಬ್ಲ್ಯಾಕ್ ಮ್ಯಾನ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ನೋಡಿ. ಜಿಮ್ಮಿ ಫೇಲ್ಸ್ ತನ್ನ ಬದುಕನ್ನೇ ಆಧರಿಸಿದ ಪಾತ್ರ ಮಾಡಿದ್ದಾರೆ, ನಿರ್ದೇಶನ ಅವರ ಗೆಳೆಯ ಜೋ ಟಾಲ್ಬಟ್‌ದು. ಅಜ್ಜನ ಕಾಲದ ಮನೆ ಕೈತಪ್ಪಿದೆ, ಬೇರೆಯವರು ವಾಸವಿದ್ದಾರೆ. ಈ ಹುಡುಗ ಅವರು ಇಲ್ಲದ ಹೊತ್ತಿಗೆ ಬಂದು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಾನೆ. ಮಾಲೀಕಳು ಬೈದು ಓಡಿಸಿದರೂ ಬರುತ್ತಾನೆ. ತನ್ನದಲ್ಲದ ಮನೆಗೆ ತನ್ನ ಕೈಯಾರೆ ಬಣ್ಣ! ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ.

ಅದರ ಹಿಂದಿನ ಕಥೆಯೂ ಗೊತ್ತಿರಲಿ. ಫಿಲ್ಮೋರ್ ಬಡಾವಣೆಯಲ್ಲಿದ್ದ ಜಪಾನಿ ಮೂಲದವರನ್ನು 1942ರಲ್ಲಿ ಸರ್ಕಾರವೇ ಶಿಬಿರಗಳಿಗೆ ಅಟ್ಟಿತು. ಹಡಗುಕಟ್ಟೆಯ ಕೆಲಸಕ್ಕೆ ಬಂದ ಕಪ್ಪು ಜನ ಆ ಮನೆಗಳಲ್ಲಿ ನೆಲೆಸಿದರು, ಜಾಜ್ ಕ್ಲಬ್ಬುಗಳು ಬಂದವು. ಮುಂದೆ ನಗರ ನವೀಕರಣ ಅಂತ ಹೇಳಿ ಸಾಲು ಸಾಲು ಮನೆ ಕೆಡವಿದರು. 1970ರಲ್ಲಿ ಊರಿನ ಶೇಕಡಾ 13ರಷ್ಟಿದ್ದ ಕಪ್ಪು ಜನ ಈಗ ಶೇಕಡಾ 5-6ರ ಆಸುಪಾಸು. ಅದರ ಮೇಲೆ ನಮ್ಮಂಥವರ ಐಟಿ ಸಂಬಳ ಬಾಡಿಗೆಯನ್ನು ಇನ್ನಷ್ಟು ಏರಿಸಿತು. ತಪ್ಪಿತಸ್ಥ ಭಾವನೆ ಬರಲಿ ಅಂತ ಹೇಳುತ್ತಿಲ್ಲ. ನೀವು ಹಿಡಿಯುವ ಮನೆಯಲ್ಲಿ ಮುಂಚೆ ಯಾರೋ ಇದ್ದರು, ಅಕ್ಕಪಕ್ಕದ ಹಳಬರ ಹತ್ತಿರ ನಿಂತು ಮಾತಾಡಿ ಅಂತ ಹೇಳುತ್ತಿದ್ದೇನೆ.

ಮಗಳಿಗೆ ‘ಇನ್‌ಸೈಡ್ ಔಟ್’ ತೋರಿಸಿ. ಅಪ್ಪನ ಕೆಲಸಕ್ಕೋಸ್ಕರ ಮಿನೆಸೋಟಾ ಬಿಟ್ಟು ಈ ಊರಿಗೆ ಬರುವ ಹುಡುಗಿಯ ಕಥೆ. ಸಾಮಾನಿನ ಲಾರಿ ಬಂದಿಲ್ಲ, ಖಾಲಿ ಕೋಣೆ, ನೆಲದ ಮೇಲೆ ನಿದ್ದೆ. ಅವಳು ಖುಷಿಯಾಗಿರಲಿ ಅಂತ ಅಮ್ಮ ಬಯಸುತ್ತಾಳೆ, ಅದಕ್ಕೇ ಅವಳಿಗೆ ಅಳು ನುಂಗಬೇಕಾಗುತ್ತದೆ. ನೀವಿಬ್ಬರೂ ಜೊತೆಗೆ ಕೂತೇ ನೋಡಿ. ನೋಡುವಾಗ ಮಗಳು ಅತ್ತರೆ ಸುಮ್ನೆ ಅಳೋಕೆ ಬಿಡಿ.

ಕೊನೆಗೆ ಮನೆ. ಆಫೀಸು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೂ ನಮ್ಮವರು ಜಾಸ್ತಿ ಇರೋದು ಫ್ರೀಮಾಂಟ್, ಸನಿವೇಲ್ ಕಡೆ. ಫ್ರೀಮಾಂಟ್‌ನಿಂದ ಬಾರ್ಟ್ ಸಿಗುತ್ತದೆ, ಅಲ್ಲೇ ಹುಡುಕಿ. ಕನ್ನಡ ಸಿನಿಮಾ ಬಂದರೆ ಶೋ ಕಡಿಮೆ, ಬಹಳ ಬೇಗ ಎತ್ತಿಬಿಡುತ್ತಾರೆ, ಮೊದಲ ವಾರಾಂತ್ಯಕ್ಕೇ ಟಿಕೆಟ್ ಮಾಡಿಸಿ. ಫ್ರೀಮಾಂಟ್‌ನಲ್ಲೇ ನೈಲ್ಸ್ ಅಂತ ಒಂದು ಹಳೇ ಪೇಟೆ ಇದೆ. ಹಾಲಿವುಡ್ ಇನ್ನೂ ಹೆಸರು ಮಾಡುವ ಮುಂಚೆ, 1912ರಿಂದ 1916ರವರೆಗೆ, ಎಸ್ಸೆನೆ ಕಂಪನಿಯ ಸ್ಟುಡಿಯೋ ಅಲ್ಲಿತ್ತು. 1915ರಲ್ಲಿ ಚಾಪ್ಲಿನ್ ಅಲ್ಲಿ ಕೆಲಸ ಮಾಡಿದರು, ‘ದಿ ಟ್ರ್ಯಾಂಪ್’ ಅಲ್ಲಿಯದೇ. ಈಗ ಅಲ್ಲೊಂದು ಮೂಕಿ ಚಿತ್ರಗಳ ಮ್ಯೂಸಿಯಂ ಇದೆ. ನಾನು ಹೇಳಿದ ಡೇವಿಡ್ ಕೀನ್ ಅಲ್ಲಿನವರೇ. ಶನಿವಾರ ರಾತ್ರಿ ಹಳೇ ಥಿಯೇಟರಿನಲ್ಲಿ ಮೂಕಿ ಹಾಕುತ್ತಾರೆ, ಪಕ್ಕದಲ್ಲಿ ಕೂತು ಪಿಯಾನೋ ನುಡಿಸುತ್ತಾರೆ. ಇಂಗ್ಲಿಷ್ ಬಾರದ ನನ್ನ ಅಮ್ಮ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ, ಬಿದ್ದು ಬಿದ್ದು ನಕ್ಕರು. ನಿಮ್ಮ ತಂದೆ ತಾಯಿ ಬಂದಾಗ ಹೇಳಿ, ಎಲ್ಲರೂ ಒಟ್ಟಿಗೆ ಹೋಗೋಣ.