ಮಳೆಗಾಲ ಕಳೆದ ಮೇಲೆ ಏಳದ ಬೈಕ್

ಮಡಗಾಂವ್‌ನಲ್ಲಿ ಮಳೆಗಾಲವಿಡೀ ಕವರ್ ಹಾಕಿಟ್ಟ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಬೈಕ್, ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್, ಕಿಕ್ ಹೊಡೆದರೂ ಏಳುತ್ತಿಲ್ಲ ಅಂದಿದ್ದೀರಿ. ಟಕ್ ಟಕ್ ಅಂದ್ರೆ ಬ್ಯಾಟರಿ ಇಳಿದಿರಬೇಕು. ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಕಡಿಮೆಯಿದ್ದರೆ ಚಾರ್ಜ್‌ಗೆ ಹಾಕಿ.

ಆದರೆ ಕಿಕ್‌ಗೂ ಏಳುತ್ತಿಲ್ಲ ಅಲ್ವಾ, ನನಗೆ ಜಾಸ್ತಿ ಅನುಮಾನ ಪೆಟ್ರೋಲ್ ಮೇಲೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ಗೋವಾದ ಮಳೆ ಕೇಳಬೇಕೇ! ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಮುಚ್ಚಿ, ಕಾರ್ಬ್ಯುರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆಯೇ ಪದರ ನಿಂತಿದ್ದರೆ ಅದು ನೀರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಹತ್ತಿರ ಬೀಡಿ, ಸಿಗರೇಟು ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದೆಯಾ ನೋಡಿ. ಇಷ್ಟಾಗುವ ತನಕ ಸುಮ್ನೆ ಸೆಲ್ಫ್ ಒತ್ತಬೇಡಿ.