ಮನೆಮಾತು ಕನ್ನಡ ಅಂತಲೇ ಬರೆಯಿರಿ

ನ್ಯೂಜೆರ್ಸಿಯಿಂದ ನೀವು ಬರೆದ ಪತ್ರ ಓದಿ ಸಂಕಟವಾಯಿತು. ಮಗಳು ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಅಲ್ಲಿನ ಪಬ್ಲಿಕ್, ಅಂದರೆ ಸರ್ಕಾರಿ, ಹೈಸ್ಕೂಲಿನಲ್ಲಿದ್ದಾಳೆ. ಗಣಿತದಲ್ಲಿ ಮುಂದು, ಬಯಾಲಜಿ ಮತ್ತು ಹಿಸ್ಟರಿಯಲ್ಲಿ ಫೇಲ್. ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ಈ ಸ್ಕೂಲೇ ಸರಿಯಿಲ್ಲ, ಜಾಸ್ತಿ ಬಾಡಿಗೆಯಾದರೂ ಸರಿ, ಹತ್ತಕ್ಕೆ ಒಂಬತ್ತು ರೇಟಿಂಗ್ ಇರುವ ಸ್ಕೂಲಿನ ಊರಿಗೆ ಹೋಗೋಣ ಅಂತಾರೆ ನಿಮ್ಮ ಯಜಮಾನರು. ಹೋಗಬೇಕಾ ಬೇಡವಾ ಎಂದು ನೀವು ಕೇಳಿದ್ದೀರಿ.

ಪತ್ರದ ನಡುವೆ ಒಂದು ಮಾತನ್ನು ಸುಮ್ನೆ ಹೇಳಿ ದಾಟಿಬಿಟ್ಟಿದ್ದೀರಿ. ಸ್ಕೂಲಿಗೆ ಸೇರಿಸುವಾಗ ಮನೆಮಾತಿನ ಫಾರಂನಲ್ಲಿ, ಭಾವನವರು ಹೇಳಿದರೆಂದು, ಇಂಗ್ಲಿಷ್ ಅಂತ ಬರೆದಿರಿ. ಇ.ಎಸ್.ಎಲ್.ಗೆ, ಅಂದರೆ ಬೇರೆ ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕ್ಲಾಸಿಗೆ, ಹಾಕಿದರೆ ದಡ್ಡರ ಜೊತೆ ಕೂರಿಸುತ್ತಾರೆ ಅಂದರಂತೆ ಅವರು. ನನಗೆ ಸಿಟ್ಟು ಬಂದಿದ್ದು ಅವರ ಮೇಲೆ. ಗೊತ್ತಿಲ್ಲದ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಬುದ್ಧಿ ಹೇಳಬಾರದು.

ಆ ಫಾರಂನಲ್ಲಿ ಬೇರೆ ಭಾಷೆ ಬರೆದರೆ ಸ್ಕೂಲು ಮಗುವಿನ ಇಂಗ್ಲಿಷನ್ನು ಪರೀಕ್ಷಿಸಬೇಕು. ನ್ಯೂಜೆರ್ಸಿಯಲ್ಲಿ ಅದಕ್ಕೆ ವಿಡಾ ಎಂಬ ಪರೀಕ್ಷೆ ಇದೆ. ಓದು, ಬರಹ, ಕೇಳುವುದು, ಮಾತು, ನಾಲ್ಕನ್ನೂ ನೋಡುತ್ತಾರೆ. ಸಾಲದು ಅಂತ ಕಂಡರೆ ನೆರವು ಕೊಡಲೇಬೇಕು. ಅದೇನು ದಯೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ ತೀರ್ಪು ಕೊಟ್ಟಿದೆ. ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಅಂದಿತು ಕೋರ್ಟ್. ಆ ಹಕ್ಕನ್ನು ನೀವೇ ಫಾರಂನಲ್ಲಿ ಬಿಟ್ಟುಕೊಟ್ಟಿದ್ದೀರಿ. ಹೊಸ ಊರಿನಲ್ಲೂ ಅದೇ ಫಾರಂ ಬರುತ್ತದೆ. ಅಲ್ಲೂ ಇಂಗ್ಲಿಷ್ ಅಂತ ಬರೆದರೆ ಹುಡುಗಿ ಇನ್ನಷ್ಟು ಅಂಕದ ಪೈಪೋಟಿ ಇರುವ ಕ್ಲಾಸಿನಲ್ಲಿ ಹೀಗೇ ಬಾಯಿ ಮುಚ್ಚಿ ಕೂರುತ್ತಾಳೆ, ಅಲ್ವಾ?

ಗಣಿತದಲ್ಲಿ ಮುಂದಿರುವವಳು ದಡ್ಡಿಯಲ್ಲ. ಅವಳಿಗೆ ಜೀವಕೋಶ ಗೊತ್ತು, ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಬರುತ್ತಿಲ್ಲ ಅಷ್ಟೇ. ನೆರವು ಸಿಕ್ಕರೆ ಕಲಿಯುತ್ತಾಳೆ. ಪ್ರತಿ ವರ್ಷ ಪರೀಕ್ಷೆ ಮಾಡುತ್ತಾರೆ, ಮಟ್ಟ ಮುಟ್ಟಿದವರು ನೆರವಿನ ಪಟ್ಟಿಯಿಂದ ಹೊರಬರುತ್ತಾರೆ.

ಸ್ಕೂಲನ್ನು ಅಳೆಯಬೇಕೆಂದರೆ ರೇಟಿಂಗ್ ಬಿಟ್ಟು ಒಂದು ವಿಷಯ ಕೇಳಿ. ಇ.ಎಸ್.ಎಲ್. ಮಕ್ಕಳು ಬಯಾಲಜಿ, ಕೆಮಿಸ್ಟ್ರಿಯನ್ನು ಎಲ್ಲರ ಜೊತೆ ಕೂತು ಕಲಿಯುತ್ತಾರಾ? ಅಲ್ಲಿ ಇ.ಎಸ್.ಎಲ್. ಟೀಚರ್ ಕೂಡ ಇರುತ್ತಾರಾ? ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಬರೀ ವ್ಯಾಕರಣದ ಹಾಳೆ ತುಂಬಿಸುವ ಸ್ಕೂಲು ಬೇಡ, ರೇಟಿಂಗ್ ಎಷ್ಟಾದರೂ ಇರಲಿ.

ಇನ್ನೊಂದು ಮಾತು, ಇದನ್ನು ಹೇಳಿ ಹೇಳಿ ನನಗೆ ಸಾಕಾಗಿಲ್ಲ. ಟೀಚರ್ ಮೀಟಿಂಗ್‌ನಲ್ಲಿ ಮಗಳೇ ನಿಮಗೆ ಕನ್ನಡದಲ್ಲಿ ಹೇಳಿದಳು ಅಂತ ಬರೆದಿದ್ದೀರಿ. ತಾನು ಫೇಲಾದ ಸುದ್ದಿಯನ್ನು ತಾನೇ ಅಮ್ಮನಿಗೆ ತಿಳಿಸುವ ಕೆಲಸವನ್ನು ಯಾವ ಮಗುವಿಗೂ ಹೊರಿಸಬೇಡಿ. ದುಭಾಷಿ ಬೇಕು ಅಂತ ಸ್ಕೂಲನ್ನು ಕೇಳಿ, ಫೋನಿನಲ್ಲಾದರೂ ಕೊಡಿಸಲಿ.

ಸೋಮವಾರ ಯಜಮಾನರನ್ನೂ ಕರೆದುಕೊಂಡು ಸ್ಕೂಲಿನ ಕೌನ್ಸೆಲರ್ ಹತ್ತಿರ ಹೋಗಿ. ಫಾರಂ ತಿದ್ದಿಸಿ, ಪರೀಕ್ಷೆ ಮಾಡಿ ಅಂತ ಬರಹದಲ್ಲಿ ಕೊಡಿ. ಅದರ ಫಲಿತಾಂಶ ಬರುವವರೆಗೆ ಯಾವ ಮನೆಯ ಲೀಸ್‌ಗೂ ಸಹಿ ಹಾಕಬೇಡಿ.